ಬಾಲವಿದೆ, ಬಾಲದ ಮೂಳೆಯಿಲ್ಲ: ಕಪ್ಪೆಯ ಬೆನ್ನುಮೂಳೆ ಕಟ್ಟಿಕೊಳ್ಳುವ ಬಗೆ

ಹಿಂಗಾಲು ಬಲಿತ ಗೊದಮೊಟ್ಟೆಯೊಂದಕ್ಕೆ ಬಣ್ಣ ಹಿಡಿಸಿ, ಮಾಂಸವನ್ನು ಪಾರದರ್ಶಕ ಮಾಡಿ ಸೂಕ್ಷ್ಮದರ್ಶಕದಡಿ ಇಟ್ಟರೆ, ತಲೆಯ ಹಿಂದೆ ಕೆಂಪು ಕಮಾನುಗಳ ಒಂದು ಗಿಡ್ಡ ಸಾಲು ಕಾಣುತ್ತದೆ. ಎಣಿಸಿದರೆ ಒಂಬತ್ತು. ಅವುಗಳ ಹಿಂದೆ ಒಂದೆರಡು ಮಸುಕಾದ ತುಣುಕುಗಳು, ಅಷ್ಟೇ. ಅಲ್ಲಿಂದಾಚೆಗೆ ಉದ್ದಕ್ಕೆ ಚಾಚಿದ ಬಾಲದಲ್ಲಿ ಸ್ನಾಯುವಿದೆ, ಬೆನ್ನುಹುರಿಯಿದೆ, ನಡುವೆ ನೋಟೋಕಾರ್ಡ್ ಎಂಬ ಗಟ್ಟಿ ಕೊಳವೆಯಿದೆ. ಮೂಳೆ ಮಾತ್ರ ಒಂದೂ ಇಲ್ಲ. ಮೀನಿಗೆ, ಹಲ್ಲಿಗೆ, ಇಲಿಗೆ ಬಾಲದ ತುದಿಯವರೆಗೂ ಬೆನ್ನುಮೂಳೆಯ ಮಣಿಗಳಿರುತ್ತವೆ. ಜೀವನದ ಮೊದಲ ಭಾಗವನ್ನೆಲ್ಲ ಬಾಲದ ಬಲದಿಂದಲೇ ಕಳೆಯುವ ಗೊದಮೊಟ್ಟೆಗೆ ಸಾಮಾನ್ಯವಾಗಿ ಅವಿಲ್ಲ.

ಮಲಿನ ನೀರಿನಲ್ಲಿ ಬೆನ್ನು ಬಾಗಿದ ಗೊದಮೊಟ್ಟೆಗಳು ಕಂಡಾಗಲೆಲ್ಲ ‘ಬೆನ್ನುಮೂಳೆಯ ವಿಕಾರ’ ಎಂದು ವರದಿಯಾಗುತ್ತದೆ. ಆದರೆ ಬಾಗಿದ್ದು ಬಾಲವಾದರೆ ಅಲ್ಲಿ ಬಾಗಲು ಮೂಳೆಯೇ ಇರುವುದಿಲ್ಲ. ಇದು ಬರೀ ಪದಗಳ ತಕರಾರಲ್ಲ. ಕಪ್ಪೆಯ ಬೆನ್ನುಮೂಳೆ ಒಂದೇ ಸಲಕ್ಕೆ ಆಗುವುದಿಲ್ಲ, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ವಸ್ತುವಿನಿಂದ ಕಂತುಕಂತಾಗಿ ಕಟ್ಟಿಕೊಳ್ಳುತ್ತದೆ. ಯಾವ ಕಂತು ಕೆಟ್ಟಿದೆ ಎಂದು ತಿಳಿದರೆ ಯಾವಾಗ ಕೆಟ್ಟಿತೆಂಬುದೂ ತಿಳಿಯುತ್ತದೆ. ಈ ಪ್ರಾಣಿ 25 ಕೋಟಿ ವರ್ಷಗಳಲ್ಲಿ ತನ್ನ ಬೆನ್ನನ್ನು ಹೇಗೆ ಗಿಡ್ಡ ಮಾಡಿಕೊಂಡಿತು ಎಂಬ ಪ್ರಶ್ನೆಗೂ ಉತ್ತರ ಹುಡುಕಬೇಕಾದದ್ದು ಇದೇ ಕಂತುಗಳಲ್ಲಿ.

ಬೆಳೆದ ಕಪ್ಪೆಯಲ್ಲಿ ಏನೇನಿದೆ

ಸಾಮಾನ್ಯ ಕಪ್ಪೆಯೊಂದರಲ್ಲಿ ಸೊಂಟದ ಮುಂದೆ ಎಂಟು ಮಣಿಗಳು, ಒಂಬತ್ತನೆಯದು ಸೊಂಟವನ್ನು ಹೊರುವ ತ್ರಿಕಮಣಿ, ಅದರ ಹಿಂದೆ ಯೂರೋಸ್ಟೈಲ್ ಎಂಬ ಒಂದೇ ಉದ್ದನೆಯ ಕಡ್ಡಿ. ಮೊದಲ ಮಣಿಗೆ ಅಡ್ಡ ಚಾಚುಗಳಿಲ್ಲ. ಅದರ ಮುಂಭಾಗದ ಎರಡು ತಗ್ಗುಗಳಲ್ಲಿ ತಲೆಬುರುಡೆಯ ಎರಡು ಗುಬುಟುಗಳು ಕೂರುತ್ತವೆ. ತ್ರಿಕಮಣಿಯ ಅಡ್ಡ ಚಾಚುಗಳು ಸೊಂಟದ ಉದ್ದನೆಯ ಇಲಿಯಂ ಮೂಳೆಗಳಿಗೆ ತಾಗುತ್ತವೆ. ಯೂರೋಸ್ಟೈಲ್ ಆ ಎರಡು ಇಲಿಯಂಗಳ ನಡುವೆ ಹಿಂದಕ್ಕೆ ಮಲಗಿರುತ್ತದೆ. ಕುಳಿತ ಕಪ್ಪೆಯ ಬೆನ್ನಿನ ಮೇಲೆ ಉಬ್ಬಿ ಕಾಣುವ ಗೂನು ಇರುವುದು ಈ ಸೇರುವೆಯಲ್ಲೇ. ಜಿಗಿಯುವ ಕ್ಷಣದಲ್ಲಿ ಅಲ್ಲಿನ ಸ್ನಾಯುಗಳು ಎಳೆದು ಗೂನನ್ನು ನೇರ ಮಾಡುತ್ತವೆ.

ಮಣಿಗಳ ಎಣಿಕೆ ಎಲ್ಲ ಕಪ್ಪೆಗಳಲ್ಲೂ ಒಂದೇ ಅಲ್ಲ. ಉತ್ತರ ಅಮೆರಿಕದ ಆಸ್ಕಾಫಸ್ ಮತ್ತು ನ್ಯೂಜಿಲೆಂಡಿನ ಲಿಯೋಪೆಲ್ಮಾ ಕಪ್ಪೆಗಳಲ್ಲಿ ಸೊಂಟದ ಮುಂದೆ ಒಂಬತ್ತಿವೆ. ನೀರಲ್ಲೇ ಬಾಳುವ ಕೆಲವು ಪಿಪಿಡ್ ಕಪ್ಪೆಗಳಲ್ಲಿ ಮೊದಲೆರಡು ಬೆಸೆದುಕೊಂಡು ಎಣಿಕೆ ಎಂಟಕ್ಕಿಂತ ಕೆಳಗಿಳಿಯುತ್ತದೆ. ಆಸ್ಕಾಫಸ್, ಲಿಯೋಪೆಲ್ಮಾ ಮತ್ತು ಬಾಂಬಿನಾದಂಥ ಹಳೆಯ ಕವಲುಗಳಲ್ಲಿ ಬಿಡಿ ಪಕ್ಕೆಲುಬುಗಳು ಇನ್ನೂ ಉಳಿದಿವೆ. ಬಹುಪಾಲು ಕಪ್ಪೆಗಳಿಗೆ ಪಕ್ಕೆಲುಬೇ ಇಲ್ಲ.

ಮೊದಲ ಕಂತು: ನೋಟೋಕಾರ್ಡ್ ಮತ್ತು ಸೋಮೈಟ್

ಭ್ರೂಣದಲ್ಲಿ ಮೊದಲು ರೂಪುಗೊಳ್ಳುವುದು ನೋಟೋಕಾರ್ಡ್. ಒಳಗೆ ದ್ರವ ತುಂಬಿ ಉಬ್ಬಿದ ಜೀವಕೋಶಗಳು, ಹೊರಗೆ ಕೊಲಾಜನ್ ನಾರಿನ ಬಿಗಿ ಕವಚ. ಗಾಳಿ ತುಂಬಿದ ಟ್ಯೂಬು ಬಿಗಿಯಾಗಿ ನೆಟ್ಟಗಾಗುವಂತೆ, ಒಳಗಿನ ಒತ್ತಡಕ್ಕೆ ಹೊರಗಿನ ಕವಚ ತಡೆ ಕೊಡುವುದರಿಂದಲೇ ಈ ಕಡ್ಡಿ ಸೆಟೆದು ನಿಲ್ಲುತ್ತದೆ. ಕವಚ ಸಡಿಲವಾದರೆ ಅದೇ ಒತ್ತಡ ಕಡ್ಡಿಯನ್ನು ಅಂಕುಡೊಂಕು ಮಾಡುತ್ತದೆ. ಈ ಮಾತು ನೆನಪಿರಲಿ, ಕೀಟನಾಶಕಗಳ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ನೋಟೋಕಾರ್ಡಿನ ಎರಡೂ ಪಕ್ಕದಲ್ಲಿ ಸೋಮೈಟ್ ಎಂಬ ಅಂಗಾಂಶದ ಗಂಟುಗಳು ಜೋಡಿಜೋಡಿಯಾಗಿ, ತಲೆಯ ಕಡೆಯಿಂದ ಬಾಲದ ಕಡೆಗೆ ಸಾಲುಗಟ್ಟುತ್ತವೆ. ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಆಫ್ರಿಕಾದ ಜೆನೋಪಸ್ ಕಪ್ಪೆಯಲ್ಲಿ ಹೆಚ್ಚೂಕಡಿಮೆ 50 ನಿಮಿಷಕ್ಕೊಂದು ಜೋಡಿ ಹುಟ್ಟುತ್ತದೆ. ಇಲ್ಲೊಂದು ವಿಶೇಷವಿದೆ. ಜೆನೋಪಸ್ಸಿನಲ್ಲಿ ಸೋಮೈಟಿನ ಜೀವಕೋಶಗಳು ಮೊದಲು ನೋಟೋಕಾರ್ಡಿಗೆ ಅಡ್ಡಲಾಗಿ ಮಲಗಿರುತ್ತವೆ. ಗಂಟು ಬೇರ್ಪಟ್ಟ ಕೂಡಲೇ ಅವೆಲ್ಲ ಒಟ್ಟಾಗಿ 90 ಡಿಗ್ರಿ ತಿರುಗಿ ಅದಕ್ಕೆ ಸಮಾಂತರವಾಗುತ್ತವೆ. ಒಂದೊಂದು ಜೀವಕೋಶವೂ ಸೋಮೈಟಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಚಾಚಿ ಈಜುವ ಸ್ನಾಯುವಿನ ನಾರಾಗುತ್ತದೆ.

ಕೋಳಿಯ ಅಥವಾ ಇಲಿಯ ಭ್ರೂಣದಲ್ಲಿ ಸೋಮೈಟಿನ ದೊಡ್ಡ ಪಾಲು ಸ್ಕ್ಲೀರೋಟೋಮ್ ಆಗಿ, ಅಂದರೆ ಮಣಿಗಳನ್ನು ಕಟ್ಟುವ ಅಂಗಾಂಶವಾಗಿ ಬದಲಾಗುತ್ತದೆ. ಕಪ್ಪೆಯಲ್ಲಿ ಹಾಗಲ್ಲ. ಗಂಟಿನ ಬಹುಪಾಲೆಲ್ಲ ಸ್ನಾಯುವಿಗೇ ಹೋಗಿ, ಸ್ಕ್ಲೀರೋಟೋಮಿಗೆ ಸಿಗುವುದು ತೆಳ್ಳನೆಯ ಒಂದು ಪದರ. ಅದೂ ತಡವಾಗಿ. ಕಾರಣ ಸುಲಭವಾಗಿ ಊಹಿಸಬಹುದು: ಕೆಲವೇ ದಿನಗಳಲ್ಲಿ ಮೊಟ್ಟೆಯಿಂದ ಹೊರಬಿದ್ದು ಈಜಬೇಕಾದ ಮರಿಗೆ ಸ್ನಾಯು ತುರ್ತು, ಮೂಳೆ ತುರ್ತಲ್ಲ. ಅಲ್ಲಿಯವರೆಗೆ ನೋಟೋಕಾರ್ಡ್ ಇದ್ದರೆ ಸಾಕು.

ಇನ್ನು ಎಣಿಕೆ ನೋಡಿ. ಜೆನೋಪಸ್ ಗೊದಮೊಟ್ಟೆಯಲ್ಲಿ 40ಕ್ಕೂ ಹೆಚ್ಚು ಜೋಡಿ ಸೋಮೈಟುಗಳಾಗುತ್ತವೆ, ಮಣಿಗಳಾಗುವುದು ಅವುಗಳಲ್ಲಿ ತಲೆಯ ಕಡೆಯ ಹತ್ತು ಹನ್ನೆರಡರಿಂದ ಮಾತ್ರ. ಹಾಗಾಗಿ ಕಪ್ಪೆಯ ಬೆನ್ನು ಗಿಡ್ಡವಾಗಿರುವುದು ದೇಹದ ಖಂಡಗಳು ಕಡಿಮೆಯಾಗಿದ್ದಕ್ಕಲ್ಲ. ಖಂಡಗಳು ಧಾರಾಳವಾಗಿವೆ, ಹಿಂದಿನ ಖಂಡಗಳಲ್ಲಿ ಮೂಳೆಯ ಕೆಲಸ ಶುರುವಾಗುವುದೇ ಇಲ್ಲ. ಹಾವಿನ ಉದ್ದ ಬೆನ್ನನ್ನು ವಿವರಿಸುವಾಗ ಹೆಚ್ಚು ಸೋಮೈಟು, ಹೆಚ್ಚು ಮಣಿ ಎಂಬ ಲೆಕ್ಕ ಸರಿಹೋಗುತ್ತದೆ. ಅದನ್ನೇ ತಿರುಗಿಸಿ ಕಪ್ಪೆಗೆ ಹಚ್ಚುವುದು ತಪ್ಪು. ಪಠ್ಯಗಳಲ್ಲಿ ಈ ತಪ್ಪು ಮತ್ತೆ ಮತ್ತೆ ಕಾಣುತ್ತದೆ.

ಎರಡನೆಯ ಕಂತು: ಕಮಾನು ಮೊದಲು, ಗುಂಡು ಆಮೇಲೆ

ಮಣಿಗೆ ಎರಡು ಭಾಗಗಳು. ಬೆನ್ನುಹುರಿಯನ್ನು ಮೇಲಿನಿಂದ ಮುಚ್ಚುವ ನರಕಮಾನು, ಕೆಳಗೆ ಭಾರ ಹೊರುವ ಗುಂಡು. ಕಪ್ಪೆಯಲ್ಲಿ ಮೊದಲು ಬರುವುದು ಕಮಾನು. ನೋಟೋಕಾರ್ಡಿನ ಮೇಲಂಚಿನಲ್ಲಿ ಎಡಕ್ಕೊಂದು ಬಲಕ್ಕೊಂದು ಮೃದ್ವಸ್ಥಿಯ ಮೊಳಕೆ ಎದ್ದು, ಮೇಲೆ ಬಾಗಿ ಒಂದನ್ನೊಂದು ಕೂಡುತ್ತದೆ. ಮೂಳೆಗಟ್ಟುವಾಗಲೂ ಇಡೀ ಅಸ್ಥಿಪಂಜರದಲ್ಲಿ ಮೊದಲ ಸಾಲಿಗೆ ಸೇರುವವು ಈ ಕಮಾನುಗಳು.

ಗುಂಡು ಆಗುವ ಬಗೆಯಲ್ಲಿ ಕಪ್ಪೆಗಳು ಎರಡು ದಾರಿ ಹಿಡಿದಿವೆ. 1931ರಲ್ಲಿ ಎಚ್. ಕೆ. ಮುಖರ್ಜಿ ಅವರು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಕಪ್ಪೆಗಳ ಬೆನ್ನುಮೂಳೆ ಬೆಳೆಯುವ ಬಗೆಯನ್ನು ದೀರ್ಘವಾಗಿ ವಿವರಿಸಿದ ಮೇಲೆ ಈ ವಿಷಯ ಗಂಭೀರ ಚರ್ಚೆಗೆ ಬಂತು. ರಾನಾ ಜಾತಿಯ ಕಪ್ಪೆಗಳಲ್ಲಿ ಮತ್ತು ಬುಫೋ ಜಾತಿಯ ನೆಲಗಪ್ಪೆಗಳಲ್ಲಿ ಗುಂಡು ನೋಟೋಕಾರ್ಡನ್ನು ಸುತ್ತುವರಿದು ಬೆಳೆಯುತ್ತದೆ, ನೋಟೋಕಾರ್ಡ್ ಒಳಗೆ ಸಿಕ್ಕಿ ಕರಗುತ್ತದೆ. ಜೆನೋಪಸ್, ಬಾಂಬಿನಾಗಳಲ್ಲಿ ಅದು ನೋಟೋಕಾರ್ಡಿನ ಮೇಲ್ಬದಿಯಲ್ಲಷ್ಟೇ ಕಟ್ಟಿಕೊಳ್ಳುತ್ತದೆ. ನೋಟೋಕಾರ್ಡ್ ಹೊರಗೆ, ಗುಂಡಿನ ಹೊಟ್ಟೆಯಡಿ ತೂಗಿಕೊಂಡೇ ಇದ್ದು ರೂಪಾಂತರದ ವೇಳೆಗೆ ನಶಿಸುತ್ತದೆ. ಆಸ್ಕಾಫಸ್, ಲಿಯೋಪೆಲ್ಮಾಗಳಲ್ಲಿ ಬೆಳೆದ ಮೇಲೂ ಗುಂಡಿನೊಳಗೆ ನೋಟೋಕಾರ್ಡ್ ಉಳಿದಿರುತ್ತದೆ.

ಅಕ್ಕಪಕ್ಕದ ಗುಂಡುಗಳ ನಡುವೆ ಮೃದ್ವಸ್ಥಿಯ ಒಂದು ಉಂಡೆ ಕೂರುತ್ತದೆ. ಅದು ಮುಂದಿನ ಮಣಿಗೆ ಅಂಟಿದರೆ ಆ ಮಣಿಯ ಹಿಂಬದಿ ಉಬ್ಬುತ್ತದೆ, ಅದರ ಹಿಂದಿರುವ ಮಣಿಯ ಮುಂಬದಿ ತಗ್ಗಾಗಿಯೇ ಉಳಿಯುತ್ತದೆ. ಹೆಚ್ಚಿನ ಆಧುನಿಕ ಕಪ್ಪೆಗಳ ರೀತಿ ಇದು. ಹಿಂದಿನ ಮಣಿಗೆ ಅಂಟಿದರೆ ಎಲ್ಲ ತಿರುವುಮುರುವು, ಜೆನೋಪಸ್ ಮತ್ತು ಬಾಂಬಿನಾಗಳಂತೆ. ರಾನಾದಲ್ಲಿ ಮೊದಲ ಏಳಕ್ಕೆ ಮುಂದೆ ತಗ್ಗು ಹಿಂದೆ ಉಬ್ಬು. ಎಂಟನೆಯದಕ್ಕೆ ಎರಡೂ ಕಡೆ ತಗ್ಗು. ಒಂಬತ್ತನೆಯದಕ್ಕೆ ಮುಂದೆ ಉಬ್ಬು, ಹಿಂದೆ ಯೂರೋಸ್ಟೈಲಿಗಾಗಿ ಎರಡು ಗುಬುಟು. ಒಂದು ಉಂಡೆ ಯಾವ ಪಕ್ಕಕ್ಕೆ ಅಂಟಿತು ಎಂಬಷ್ಟರ ಮೇಲೆ ಶತಮಾನಕ್ಕೂ ಹೆಚ್ಚು ಕಾಲ ಕಪ್ಪೆಗಳ ಕುಟುಂಬಗಳನ್ನು ವಿಂಗಡಿಸಿದ್ದಾರೆ. ಗುರುತಿಸಲು ಉಪಯುಕ್ತ ಲಕ್ಷಣವೇ, ಆದರೆ ಇಷ್ಟು ಸಣ್ಣ ಬದಲಾವಣೆ ಒಂದಕ್ಕಿಂತ ಹೆಚ್ಚು ಸಲ ಸ್ವತಂತ್ರವಾಗಿ ಆಗಿರಬಹುದು. ಇದೊಂದನ್ನೇ ನಂಬಿ ವಂಶವೃಕ್ಷ ಬರೆಯಬಾರದು.

ಮೂರನೆಯ ಕಂತು: ಯೂರೋಸ್ಟೈಲ್

ಕಪ್ಪೆಗೇ ವಿಶಿಷ್ಟವಾದ ಮೂಳೆಯಿದು, ಬೇರೆ ಯಾವ ಪ್ರಾಣಿಯಲ್ಲೂ ಇಲ್ಲ. ಬಾಲದ ಮಣಿಗಳೆಲ್ಲ ಬೆಸೆದು ಕಡ್ಡಿಯಾದವು ಎಂದು ಒಂದೇ ವಾಕ್ಯದಲ್ಲಿ ಮುಗಿಸುವುದುಂಟು. ಅದು ಅರ್ಧ ಸತ್ಯ. ಕಡ್ಡಿಯ ಮೇಲರ್ಧ, ಅಂದರೆ ಕಾಕ್ಸಿಕ್ಸ್ ಭಾಗ, ತ್ರಿಕಮಣಿಯ ಹಿಂದಿನ ಕೆಲವು ಮಣಿಗಳ ಕಮಾನುಗಳು ಬೆಸೆದು ಆದದ್ದು ನಿಜ. ಕೆಳಗಿನರ್ಧದ ಹುಟ್ಟು ಬೇರೆ. ಅದು ನೋಟೋಕಾರ್ಡಿನ ಅಡಿಯಲ್ಲಿ ಹೊಸದಾಗಿ ಮೂಡುವ, ಖಂಡಗಳಾಗಿ ಒಡೆಯದ ಮೃದ್ವಸ್ಥಿಯ ಕಡ್ಡಿ. ಹೆಸರು ಹೈಪೋಕಾರ್ಡ್.

ಈ ಹೆಸರಲ್ಲೇ ಒಂದು ತೊಡಕಿದೆ. ಎಳೆಯ ಭ್ರೂಣದಲ್ಲಿ ನೋಟೋಕಾರ್ಡಿನ ಕೆಳಗೆ ಒಂದೇ ಸಾಲಿನ ಜೀವಕೋಶಗಳು ಕೆಲಕಾಲ ಇದ್ದು, ಮಹಾಪಧಮನಿ ಎಲ್ಲಿ ಕೂಡಿಕೊಳ್ಳಬೇಕೆಂದು ರಕ್ತನಾಳದ ಜೀವಕೋಶಗಳಿಗೆ ಸೂಚನೆ ಕೊಟ್ಟು ಮಾಯವಾಗುತ್ತವೆ. ಅದಕ್ಕೂ ಹೈಪೋಕಾರ್ಡ್ ಎಂದೇ ಹೆಸರು. ಎರಡನ್ನೂ ಒಂದೇ ಎಂದು ಓದಿದರೆ ಯೂರೋಸ್ಟೈಲಿನ ಕೆಳಭಾಗ ಕರುಳಿನ ಪದರದಿಂದ ಹುಟ್ಟಿತೆಂಬ ಅಪಾರ್ಥವಾಗುತ್ತದೆ.

2020ರಲ್ಲಿ ಗಯಾನಿ ಸೇನೆವಿರತ್ನೆ, ನೀಲ್ ಶೂಬಿನ್ ಮತ್ತು ಸಹೋದ್ಯೋಗಿಗಳು ಜೆನೋಪಸ್ಸಿನಲ್ಲಿ ಇಡೀ ಕ್ರಮವನ್ನು ಹಂತಹಂತವಾಗಿ ದಾಖಲಿಸಿದರು. ಕಾಕ್ಸಿಕ್ಸ್ ಮತ್ತು ಹೈಪೋಕಾರ್ಡ್ ಎರಡೂ ಬೇರೆ ಬೇರೆಯಾಗಿ ಮೃದ್ವಸ್ಥಿಯಿಂದ ಮೂಳೆಯಾಗುತ್ತವೆ. ಬಾಲ ಕುಗ್ಗುವ ಹೊತ್ತಿಗೆ ನಡುವಿನ ನೋಟೋಕಾರ್ಡ್ ಕರಗುತ್ತದೆ, ಬೆನ್ನುಹುರಿಯ ಹಿಂತುದಿ ಕುಗ್ಗುತ್ತದೆ, ಸ್ನಾಯುಗಳು ಜಾಗ ಬದಲಿಸುತ್ತವೆ. ಎರಡು ಕಡ್ಡಿಗಳ ನಡುವಿದ್ದ ಅಡ್ಡಿ ಹೋದಾಗಲೇ ಅವು ಒಂದನ್ನೊಂದು ತಲುಪಿ ಬೆಸೆಯಲು ಸಾಧ್ಯ. ಬೆಳೆದ ರಾನಾ ಕಪ್ಪೆಯ ಯೂರೋಸ್ಟೈಲನ್ನು ಮುಂತುದಿಯ ಹತ್ತಿರ ಪಕ್ಕದಿಂದ ನೋಡಿದರೆ ಒಂದು ಸಣ್ಣ ತೂತು ಕಾಣುತ್ತದೆ. ಹತ್ತನೆಯ ಬೆನ್ನುನರ ಹೊರಬರುವ ದಾರಿ ಅದು. ಒಂದು ಕಾಲಕ್ಕೆ ಅಲ್ಲೊಂದು ಬಿಡಿ ಮಣಿ ಇತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇದನ್ನೆಲ್ಲ ನಡೆಸುವುದು ಥೈರಾಯ್ಡ್ ಹಾರ್ಮೋನು. ಗೊದಮೊಟ್ಟೆಗೆ ಥೈರಾಯ್ಡ್ ಗ್ರಂಥಿ ತಿನ್ನಿಸಿದರೆ ಬೇಗ ರೂಪಾಂತರವಾಗುತ್ತದೆ ಎಂದು ಗುಡರ್ನಾಚ್ 1912ರಲ್ಲೇ ತೋರಿಸಿದ್ದರು. ರಕ್ತದಲ್ಲಿ ಒಂದೇ ಹಾರ್ಮೋನು ಹರಿಯುತ್ತಿದ್ದರೂ ಕಾಲು ಮೊದಲು ಬೆಳೆದು ಬಾಲ ಕೊನೆಗೆ ಹೋಗುವುದೇಕೆ? ಹಾರ್ಮೋನನ್ನು ಚುರುಕು ರೂಪಕ್ಕೆ ತಿರುಗಿಸುವ ಡಿಅಯೋಡಿನೇಸ್ ಕಿಣ್ವ ಕಾಲಿನ ಮೊಳಕೆಯಲ್ಲಿ ಬೇಗ ಇರುತ್ತದೆ, ಬಾಲದಲ್ಲಿ ತಡವಾಗಿ ಏರುತ್ತದೆ. ಕೊನೆಯ ಹಂತದಲ್ಲಿ ಬಾಲ ತನ್ನ ಕೊಲಾಜನ್ನನ್ನು ತಾನೇ ಕತ್ತರಿಸುವ ಕಿಣ್ವಗಳನ್ನು ಸುರಿಸುತ್ತದೆ. ಪ್ರಾಣಿಗಳಲ್ಲಿ ಕೊಲಾಜನೇಸ್ ಎಂಬ ಕಿಣ್ವ 1962ರಲ್ಲಿ ಮೊದಲು ಪತ್ತೆಯಾದದ್ದೇ ಗೊದಮೊಟ್ಟೆಯ ಬಾಲದಲ್ಲಿ. ಬಾಲದಲ್ಲಿ ಮೂಳೆ ಇಲ್ಲದ್ದರ ಲಾಭ ಇಲ್ಲಿ ಗೊತ್ತಾಗುತ್ತದೆ: ಕೆಲವೇ ದಿನಗಳಲ್ಲಿ ಕರಗಿಸಿ ಮುಗಿಸಬೇಕಾದ ಅಂಗದಲ್ಲಿ ಕರಗಿಸಲು ಕಷ್ಟವಾದದ್ದು ಏನೂ ಇರುವುದಿಲ್ಲ.

ಹಾಗೆಂದು ಬಾಲದ ಅಂಗಾಂಶಕ್ಕೆ ಬೇರೇನಾದರೂ ಆಗುವ ಶಕ್ತಿಯೇ ಇಲ್ಲವೆನ್ನುವಂತಿಲ್ಲ. 1992ರಲ್ಲಿ ಒಡಿಶಾದ ಉತ್ಕಲ ವಿಶ್ವವಿದ್ಯಾಲಯದ ಪ್ರಿಯಂಬದಾ ಮೊಹಾಂತಿ ಹೆಜ್ಮಾಡಿ ಮತ್ತು ಸಹೋದ್ಯೋಗಿಗಳು ಯೂಪೆರೊಡಾನ್ ಕಪ್ಪೆಯ ಗೊದಮೊಟ್ಟೆಗಳ ಬಾಲ ಕತ್ತರಿಸಿ ವಿಟಮಿನ್ ಎ ಬೆರೆಸಿದ ನೀರಲ್ಲಿಟ್ಟರು. ಬಾಲ ಮತ್ತೆ ಬೆಳೆಯುವ ಬದಲು ಅಲ್ಲಿ ಹಿಂಗಾಲುಗಳು ಮೂಡಿದವು. ಕತ್ತರಿಸಿದ ತುದಿ ತಾನು ಬಾಲವಲ್ಲ, ಸೊಂಟ ಎಂದು ತಿಳಿದಂತೆ ವರ್ತಿಸಿತ್ತು. ದೇಹದುದ್ದಕ್ಕೂ ಯಾವ ಜಾಗದಲ್ಲಿ ಏನಾಗಬೇಕೆಂದು ಹೇಳುವ ಹಾಕ್ಸ್ ವಂಶವಾಹಿಗಳ ಮೇಲೆ ವಿಟಮಿನ್ ಎ ಪ್ರಭಾವ ಬೀರುತ್ತದೆ. ಖಂಡವೊಂದರ ಹಣೆಬರಹ ಅದರ ವಿಳಾಸದಲ್ಲಿದೆ, ವಿಳಾಸ ತಿದ್ದಬಹುದು. ವಿಕಾಸವೂ ಮಾಡಿದ್ದು ಇದನ್ನೇ ಎಂಬುದು ನಮ್ಮ ಅಭಿಪ್ರಾಯ. ಆಗ್ನೇಯ ಏಷ್ಯಾದ ಮೆಗೋಫ್ರಿಡ್ ಕಪ್ಪೆಗಳ ಗೊದಮೊಟ್ಟೆಗಳಲ್ಲಿ ಬಾಲದೊಳಗೂ ಮಣಿಗಳು ಮೂಡುತ್ತವೆ ಎಂಬುದು ಇದಕ್ಕೆ ಇನ್ನೊಂದು ಪುಷ್ಟಿ. ಮುಚ್ಚಿದ ಬಾಗಿಲಿಗೆ ಬೀಗ ಜಡಿದಿಲ್ಲ.

ಕಲ್ಲಿನಲ್ಲಿ ಉಳಿದ ಎಣಿಕೆ

ಟೆಕ್ಸಸ್‌ನಲ್ಲಿ ಸಿಕ್ಕಿ 2008ರಲ್ಲಿ ವಿವರಿಸಲಾದ ಗೆರೋಬ್ಯಾಟ್ರಾಕಸ್ ಎಂಬ ಪಳೆಯುಳಿಕೆ ಸುಮಾರು 29 ಕೋಟಿ ವರ್ಷ ಹಿಂದಿನದು. ಕಪ್ಪೆ, ಸಾಲಮಾಂಡರ್ ಎರಡರ ಲಕ್ಷಣವೂ ಇರುವ ಈ ಪ್ರಾಣಿಗೆ ಸೊಂಟದ ಮುಂದೆ 17 ಮಣಿಗಳು. ಮಡಗಾಸ್ಕರಿನ ಟ್ರಯಾಡೋಬ್ಯಾಟ್ರಾಕಸ್ ಸುಮಾರು 25 ಕೋಟಿ ವರ್ಷ ಹಳೆಯದು. ಕಪ್ಪೆಯಂಥ ತಲೆಬುರುಡೆ, ಸೊಂಟದ ಮುಂದೆ ಸುಮಾರು 14 ಮಣಿಗಳು, ಹಿಂದೆ ಬೆಸೆಯದ ಗಿಡ್ಡ ಬಾಲ. ಯೂರೋಸ್ಟೈಲ್ ಇಲ್ಲ. ಅರಿಜೋನಾದ ಪ್ರೊಸಾಲಿರಸ್ ಸುಮಾರು 19 ಕೋಟಿ ವರ್ಷದ್ದು, 1995ರಲ್ಲಿ ಶೂಬಿನ್ ಮತ್ತು ಜೆಂಕಿನ್ಸ್ ವಿವರಿಸಿದ್ದು. ಅದಕ್ಕಾಗಲೇ ಉದ್ದನೆಯ ಇಲಿಯಂ, ಜಿಗಿಯುವ ಸೊಂಟ ಎಲ್ಲ ಬಂದಿವೆ. ಅರ್ಜೆಂಟೀನಾದ ಜುರಾಸಿಕ್ ಕಾಲದ ನೋಟೋಬ್ಯಾಟ್ರಾಕಸ್ಸಿಗೆ ಒಂಬತ್ತು ಮಣಿ, ಇಂದಿನ ಲಿಯೋಪೆಲ್ಮಾಕ್ಕೆ ಇರುವಷ್ಟೇ.

ಹದಿನೇಳು, ಹದಿನಾಲ್ಕು, ಒಂಬತ್ತು, ಎಂಟು. ಓದಲು ಮೆಟ್ಟಿಲಿನಂತಿದೆ. ಆದರೆ ಇಲ್ಲಿ ಎರಡು ಬೇರೆ ಘಟನೆಗಳಿವೆ. ಮುಂಡದ ಮಣಿಗಳು ಕಡಿಮೆಯಾದದ್ದು ಸೊಂಟದ ವಿಳಾಸ ಮುಂದಕ್ಕೆ ಸರಿದ ಕಥೆ. ಅದು ಟ್ರಯಾಡೋಬ್ಯಾಟ್ರಾಕಸ್ಸಿಗಿಂತ ಮೊದಲೇ ಶುರುವಾಗಿದೆ. ಬಾಲದ ಮಣಿಗಳು ನಿಂತುಹೋಗಿ ಹೈಪೋಕಾರ್ಡ್ ಎಂಬ ಹೊಸ ಮೂಳೆ ಬಂದದ್ದು ಇನ್ನೊಂದು ಕಥೆ, ಅದಾದದ್ದು 25 ಕೋಟಿ ಮತ್ತು 19 ಕೋಟಿ ವರ್ಷಗಳ ನಡುವಿನ ಅಂತರದಲ್ಲಿ. ಎರಡನ್ನೂ ‘ಜಿಗಿಯಲು ಬೆನ್ನು ಗಿಡ್ಡವಾಯಿತು’ ಎಂಬ ಒಂದೇ ಕಾರಣಕ್ಕೆ ಕಟ್ಟುವುದು ಅವಸರ. ಬಾಲದ ಮಟ್ಟಿಗೆ ಗೊದಮೊಟ್ಟೆಯ ಬದುಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೋಟೋಬ್ಯಾಟ್ರಾಕಸ್ಸಿನ ಗೊದಮೊಟ್ಟೆಯ ಪಳೆಯುಳಿಕೆಯೇ ಸಿಕ್ಕಿದ್ದು 2024ರಲ್ಲಿ ಪ್ರಕಟವಾಯಿತು. 16 ಕೋಟಿ ವರ್ಷ ಹಿಂದಿನ ಅದರ ಉದ್ದ ಸುಮಾರು 16 ಸೆಂಟಿಮೀಟರ್. ಇಂದಿನಂಥದೇ ಗೊದಮೊಟ್ಟೆಯ ಹಂತ ಆಗಲೇ ಪೂರ್ತಿ ರೂಪುಗೊಂಡಿತ್ತೆಂದು ಅದು ತೋರಿಸುತ್ತದೆ.

ಬಾಗಿದ ಬೆನ್ನನ್ನು ಓದುವುದು

ರಾಸಾಯನಿಕಗಳ ಹಾನಿ ಅಳೆಯಲು ಜೆನೋಪಸ್ ಭ್ರೂಣಗಳನ್ನು 96 ಗಂಟೆ ಇಡುವ ಫೀಟ್ಯಾಕ್ಸ್ ಎಂಬ ಪರೀಕ್ಷೆಯಿದೆ. ಅದರಲ್ಲಿ ‘ಅಕ್ಷದ ವಿಕಾರ’ ಎಂದು ಬರೆದುಕೊಳ್ಳುವುದು ನೋಟೋಕಾರ್ಡಿನ ವಿಕಾರವನ್ನು. 96 ಗಂಟೆಯ ಮರಿಯಲ್ಲಿ ಮೂಳೆಯ ಒಂದು ಮಣಿಯೂ ಹುಟ್ಟಿರುವುದಿಲ್ಲ. ಮೆಲಾಥಿಯಾನ್‌ನಂಥ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಜೆನೋಪಸ್ ಭ್ರೂಣದ ನೋಟೋಕಾರ್ಡನ್ನು ಬಾಗಿಸುತ್ತವೆ. ಕವಚದ ಕೊಲಾಜನ್ ಎಳೆಗಳನ್ನು ಒಂದಕ್ಕೊಂದು ಹೆಣೆಯುವ ಕೆಲಸ ಕೆಡುವುದೇ ಅದಕ್ಕೆ ಕಾರಣವೆಂದು 1990ರ ದಶಕದ ಅಧ್ಯಯನಗಳು ತೋರಿಸಿವೆ. ಆ ಹೆಣಿಗೆಯ ಕಿಣ್ವ ಲೈಸಿಲ್ ಆಕ್ಸಿಡೇಸ್, ಅದಕ್ಕೆ ತಾಮ್ರ ಬೇಕು. ತಾಮ್ರವನ್ನು ಕಟ್ಟಿಹಾಕುವ ಡೈಥಯೋಕಾರ್ಬಮೇಟ್ ಶಿಲೀಂಧ್ರನಾಶಕಗಳಿಂದಲೂ ಅಲೆಅಲೆಯಾದ ನೋಟೋಕಾರ್ಡ್ ಕಾಣುವುದು ಇದೇ ಕಾರಣಕ್ಕೆ. ಒಳಗಿನ ಒತ್ತಡ ಹಾಗೇ ಇದೆ, ಹೊರಗಿನ ಕವಚ ಸೋತಿದೆ.

21 ದಿನಗಳ ರೂಪಾಂತರ ಪರೀಕ್ಷೆಯೊಂದನ್ನು ಒಇಸಿಡಿ ಎಂಬ ಅಂತರರಾಷ್ಟ್ರೀಯ ಆರ್ಥಿಕ ಸಹಕಾರ ಸಂಸ್ಥೆ 2009ರಲ್ಲಿ 231ನೆಯ ಮಾರ್ಗಸೂಚಿಯಾಗಿ ಹೊರತಂದಿತು. ಅದರಲ್ಲಿ ಹಿಂಗಾಲಿನ ಉದ್ದ, ದೇಹದ ಉದ್ದ, ತೂಕ, ಬೆಳವಣಿಗೆಯ ಹಂತ ಮತ್ತು ಥೈರಾಯ್ಡ್ ಗ್ರಂಥಿಯನ್ನು ನೋಡುತ್ತಾರೆ. ಬೆನ್ನುಮಣಿಗಳನ್ನು ಎಣಿಸುವುದಿಲ್ಲ. ಇದು ಕೈಬಿಟ್ಟ ಅವಕಾಶ. ಥೈರಾಯ್ಡ್ ಕೆಲಸಕ್ಕೆ ಅಡ್ಡಿಯಾದರೆ ಅದನ್ನೇ ನೆಚ್ಚಿಕೊಂಡ ಮೂರನೆಯ ಕಂತಿಗೆ ಪೆಟ್ಟು ಬೀಳಬೇಕು, ಅದೇ ಮರಿಗಳಿಗೆ ಬಣ್ಣ ಹಿಡಿಸಿದರೆ ಉತ್ತರ ಸಿಗುತ್ತದೆ.

ಮೂಳೆಯೇ ಬಾಗಿದ ಮರಿಗಪ್ಪೆಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಕ್ಯಾಲ್ಸಿಯಂ. ಗೊದಮೊಟ್ಟೆ ಸುಣ್ಣವನ್ನು ಒಳಕಿವಿಯಿಂದ ಹೊರಟು ಬೆನ್ನಿನುದ್ದಕ್ಕೂ ಚಾಚಿದ ಚೀಲಗಳಲ್ಲಿ ಕೂಡಿಟ್ಟುಕೊಂಡಿರುತ್ತದೆ. ರೂಪಾಂತರದಲ್ಲಿ ತಿನ್ನುವುದು ನಿಂತಾಗ ಮೂಳೆಗೆ ಸುಣ್ಣ ಬರುವುದು ಆ ಉಳಿತಾಯದಿಂದ. ನೀರು ತೀರಾ ಮೆದುವಾಗಿದ್ದರೆ ಅಥವಾ ಆಮ್ಲೀಯವಾಗಿದ್ದರೆ ಚೀಲ ತುಂಬುವುದಿಲ್ಲ. ಸಾಕಿದ ಮರಿಗಪ್ಪೆಗಳಿಗೆ ಬರೀ ಮಿಡತೆ ಜಾತಿಯ ಹುಳು ಹಾಕಿದರೂ ಇದೇ ಗತಿ. ಅವುಗಳಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಹೆಚ್ಚು, ಬೇಕಾದದ್ದು ಅದಕ್ಕೆ ತಿರುವುಮುರುವು.

ಪರೀಕ್ಷಿಸುವ ವಿಧಾನ ಹಳೆಯದು, ಅಗ್ಗದ್ದು. ಸತ್ತ ಮರಿಯನ್ನು ಆಮ್ಲತೆ ತೆಗೆದ ಶೇ. 10ರ ಫಾರ್ಮಲಿನ್‌ನಲ್ಲಿ ಒಂದೆರಡು ದಿನ ಇಟ್ಟು, ತೊಳೆದು, ಚರ್ಮ ಮತ್ತು ಒಳಾಂಗ ತೆಗೆಯಬೇಕು. 80 ಮಿ.ಲೀ. ಆಲ್ಕೋಹಾಲ್, 20 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಮ್ಲದಲ್ಲಿ 10 ಮಿ.ಗ್ರಾಂ ಆಲ್ಸಿಯನ್ ಬ್ಲೂ ಕರಗಿಸಿದ ದ್ರಾವಣದಲ್ಲಿ ಮೃದ್ವಸ್ಥಿ ನೀಲಿಯಾಗುತ್ತದೆ. ಬಳಿಕ ಬೋರಾಕ್ಸ್ ದ್ರಾವಣದಲ್ಲಿ ಆಮ್ಲ ಕಳೆದು, ಟ್ರಿಪ್ಸಿನ್‌ನಲ್ಲಿ ಮಾಂಸ ತಿಳಿಯಾಗಿಸಿ, ಶೇ. 0.5ರ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಅಲಿಜರಿನ್ ರೆಡ್ ಬೆರೆಸಿ ಮೂಳೆಗೆ ಕೆಂಪು ಹಿಡಿಸಬೇಕು. ಕೊನೆಗೆ ಅದೇ ಹೈಡ್ರಾಕ್ಸೈಡ್ ಮತ್ತು ಗ್ಲಿಸರಿನ್ ಅನ್ನು 3:1, 1:1, 1:3ರಂತೆ ಬೆರೆಸಿದ ದ್ರಾವಣಗಳನ್ನು ದಾಟಿಸಿ ಬರೀ ಗ್ಲಿಸರಿನ್‌ಗೆ ಹಾಕಬೇಕು. ಬೂಸ್ಟು ಬರದಂತೆ ಥೈಮಾಲ್‌ನ ಒಂದು ಹರಳು ಸಾಕು.

ಎಡವುವುದು ನೀಲಿಯ ಹಂತದಲ್ಲಿ. ಸಣ್ಣ ಮರಿಯನ್ನು ಆಮ್ಲದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಮೂಳೆಯ ಸುಣ್ಣವೇ ಕರಗಿ, ಆಮೇಲೆ ಕೆಂಪು ಹಿಡಿಯುವುದಿಲ್ಲ. ಆಮ್ಲತೆ ಉಳಿದ ಹಳೆಯ ಫಾರ್ಮಲಿನ್‌ನಿಂದಲೂ ಇದೇ ಆಗುತ್ತದೆ. ‘ಈ ಮರಿಗಳಲ್ಲಿ ಮಣಿಗಳು ಮೂಳೆಗಟ್ಟಿಲ್ಲ’ ಎಂದು ಬರೆಯುವ ಮೊದಲು ಅದೇ ಬಾಟಲಿಯಲ್ಲಿ ಹಾದ ಆರೋಗ್ಯವಂತ ಮರಿಯೊಂದರಲ್ಲಿ ಕೆಂಪು ಬಂದಿದೆಯೇ ನೋಡಬೇಕು. ಇದಕ್ಕೆ ವಿರುದ್ಧವಾದ ಮೋಸವೂ ಇದೆ: ಅಲಿಜರಿನ್ ಸುಣ್ಣ ಇದ್ದಲ್ಲೆಲ್ಲ ಹಿಡಿಯುತ್ತದೆ. ಮಣಿಗಳ ನಡುನಡುವೆ, ನರ ಹೊರಡುವ ಜಾಗದಲ್ಲಿ ಅಂಚು ಸರಿಯಿಲ್ಲದ ಕೆಂಪು ಚುಕ್ಕೆಗಳು ಕಂಡರೆ ಅವು ಹೆಚ್ಚುವರಿ ಮೂಳೆಯಲ್ಲ, ಸುಣ್ಣದ ಚೀಲಗಳು.

ಎಣಿಕೆಯನ್ನು ಅಡ್ಡ ಚಾಚಿಲ್ಲದ ಮೊದಲ ಮಣಿಯಿಂದ ಆರಂಭಿಸಿ ಇಲಿಯಂ ತಾಗುವ ಮಣಿಯವರೆಗೆ ಮಾಡಬೇಕು, ಎಡಬಲ ಬೇರೆ ಬೇರೆಯಾಗಿ. ಒಂದು ಪಕ್ಕ ಎಂಟನೆಯ ಮಣಿಗೆ, ಇನ್ನೊಂದು ಪಕ್ಕ ಒಂಬತ್ತನೆಯದಕ್ಕೆ ಇಲಿಯಂ ಅಂಟಿದ ಕಪ್ಪೆಗಳು ಆರೋಗ್ಯವಾದ ಕೊಳಗಳಲ್ಲೂ ಆಗೊಮ್ಮೆ ಈಗೊಮ್ಮೆ ಸಿಗುತ್ತವೆ. ಅಂಥದ್ದೊಂದು ಸಿಕ್ಕ ಮಾತ್ರಕ್ಕೆ ನೀರನ್ನು ದೂರುವಂತಿಲ್ಲ. ಹಲವು ಮರಿಗಳಲ್ಲಿ ಒಂದೇ ಕಂತು ಕೆಟ್ಟಿದ್ದರೆ, ಆ ಕಂತು ನಡೆದ ವಾರಗಳಲ್ಲಿ ನೀರಿಗೆ ಏನು ಬಿತ್ತೆಂದು ಹುಡುಕಬೇಕು.